ಭಾನುವಾರದ ಸೇತುವೆ

ಫೆಬ್ರವರಿ 4

ಇಕ್ಕಳಮ್ಮನಿಗೆ,

ನೀನು ಹೋಗುವಾಗ ಹೇಳಿದ್ದು ನೆನಪಿದೆ. ಬೇರೆ ಏನು ಮುಟ್ಟದಿದ್ದರೂ ಸರಿ, ನಿನ್ನ ಗೇಮ್ ಮಷೀನನ್ನು ತಿಂಗಳಿಗೊಮ್ಮೆ ಆನ್ ಮಾಡಿ ಸ್ವಲ್ಪ ಹೊತ್ತು ಓಡಿಸಬೇಕು, ಸುಮ್ಮನೆ ನಿಂತ ಯಂತ್ರ ಕೆಡುತ್ತದೆ ಎಂದೆ. ಸದಾ ಇಕ್ಕಳ ಹಿಡಿದು ಜನರೇಟರ್ ರಿಪೇರಿ ಮಾಡುವವಳ ಬುದ್ಧಿ ಎಲ್ಲಿಗೆ ಹೋದೀತು. ಹೊಲಿಗೆಯ ಗಡಿಬಿಡಿಯಲ್ಲಿ ನಾನು ಮರೆತೇಬಿಟ್ಟಿದ್ದೆ. ಈ ಭಾನುವಾರ ಕೊನೆಯ ಅಂಗಿಗೆ ಗುಂಡಿ ಹಾಕಿ ಮುಗಿಸಿ, ಅದರ ಮೇಲಿನ ಧೂಳು ಒರೆಸಿ ಆನ್ ಮಾಡಿದೆ.

ಟಿವಿಯಲ್ಲಿ ಒಂದು ಕೆರೆ ಬಂತು, ಕೆರೆಯ ಪಕ್ಕ ಒಂದು ಮನೆ, ಮನೆಯ ಮುಂದೆ ಕುದುರೆ, ಕುದುರೆಯ ಮೇಲೆ ನನಗೆ ಬೆನ್ನು ಮಾಡಿ ಕೂತ ಒಬ್ಬಳು ಹೆಂಗಸು. ಇಷ್ಟು ವರ್ಷ ನೀನು ನೋಡುತ್ತಿದ್ದದ್ದು ಇವಳ ಬೆನ್ನನ್ನೇ ಎಂದು ನನಗೆ ಗೊತ್ತೇ ಇರಲಿಲ್ಲ. ಹೇಗೆ ಗೊತ್ತಾಗಬೇಕು? ನಾನು ಗೋಡೆಯ ಕಡೆ ಮುಖ ಮಾಡಿ ಹೊಲಿಗೆ ಮಷೀನು ತುಳಿಯುತ್ತಿದ್ದೆ, ನೀನು ಈಚೆ ಗೋಡೆಯ ಟಿವಿ ನೋಡುತ್ತಿದ್ದೆ. ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತವರು ನಾವು.

ಒಂದು ಗುಂಡಿ ಒತ್ತಿದೆ, ಕುದುರೆ ನಡೆಯಿತು. ಇನ್ನೊಂದು ಒತ್ತಿದೆ, ಓಡಿತು. ನಿಲ್ಲಿಸುವುದು ಯಾವುದು ಎಂದು ಹುಡುಕುವಷ್ಟರಲ್ಲಿ ಸೀದಾ ಕೆರೆಗೆ ಇಳಿಯಿತು. ಈಗ ಕುತ್ತಿಗೆಯವರೆಗೆ ನೀರಿನಲ್ಲಿ ನಿಂತಿದೆ. ಹೆದರಿ ಹಾಗೇ ಆಫ್ ಮಾಡಿದೆ, ಊಟಕ್ಕೆ ಕೂತಾಗಲೂ ಅದೇ ಯೋಚನೆ. ಪಾಪದ ಪ್ರಾಣಿ, ಅದನ್ನು ಮೇಲೆ ತರುವುದು ಹೇಗೆಂದು ಬರೆ.

ನೀನು ಹೊರಟ ದಿನ ನಾನು ತಲೆ ಎತ್ತಿ ನೋಡಲಿಲ್ಲ ಎಂದು ಬೇಜಾರಿರಬಹುದು. ಕತ್ತರಿ ಬಟ್ಟೆಯ ಮೇಲಿತ್ತು, ನಡುವೆ ನಿಲ್ಲಿಸಿದರೆ ಸೊಟ್ಟಗಾಗುತ್ತದೆ. ಆದರೆ ನಿನ್ನ ಸಾಮಾನಿನ ಕಬ್ಬಿಣದ ಪೆಟ್ಟಿಗೆ ಮೆಟ್ಟಿಲ ಕಂಬಿಗೆ ಟಣ್ ಟಣ್ ಎಂದು ಬಡಿಯುತ್ತಾ ಇಳಿದದ್ದನ್ನು ಕೆಳಗಿನ ಬಾಗಿಲವರೆಗೂ ಕೇಳಿಸಿಕೊಂಡೆ. ಒಂದು ವರ್ಷ ಅಂದಿದ್ದೀಯ. ನವೆಂಬರಿಗೆ ಮುಗಿಯುತ್ತದೆ.

ಕತ್ತರಿ ಕೆಳಗಿಟ್ಟು ಬರೆದ,
ಅಮ್ಮ


ಮಾರ್ಚ್ 2

ಅಮ್ಮಾ,

ನಿನ್ನ ಪತ್ರ ದೋಣಿಯಲ್ಲಿ ಡೀಸೆಲ್ ಪೀಪಾಯಿಗಳ ಜೊತೆ ಬಂತು, ವಾಸನೆಯೂ ಅದರದ್ದೇ. ಓದಿ ನಾನು ನಕ್ಕ ಸದ್ದಿಗೆ ಅಡುಗೆಯವರು ಸೌಟು ಹಿಡಿದು ಹೊರಗೆ ಬಂದರು. ಕುದುರೆಗೆ ಏನೂ ಆಗಿರುವುದಿಲ್ಲ. ಎಡಗೈ ಹೆಬ್ಬೆರಳಿನ ಕೆಳಗಿರುವ ಕಡ್ಡಿಯನ್ನು ನಿನ್ನ ಕಡೆಗೆ ಎಳೆದು ಹಿಡಿ, ತಾನೇ ದಡಕ್ಕೆ ಬರುತ್ತದೆ. ಅದನ್ನು ಎಲ್ಲೇ ಬಿಟ್ಟುಹೋದರೂ ಸಿಳ್ಳೆ ಹೊಡೆದರೆ ಬಂದು ನಿಲ್ಲುತ್ತದೆ. ಸಿಳ್ಳೆಗೆ ಎಲ್ಲಕ್ಕಿಂತ ಮೇಲಿನ ಗುಂಡಿ.

ಇಲ್ಲಿ ದ್ವೀಪ ಎಂದರೆ ಒಂದು ಬಂಡೆ, ಬಂಡೆಯ ತಲೆಯ ಮೇಲೆ ಹವಾಮಾನ ಕೇಂದ್ರ, ಕೇಂದ್ರಕ್ಕೆ ಕರೆಂಟ್ ಕೊಡುವ ಎರಡು ಜನರೇಟರ್, ಅವಕ್ಕೆ ನಾನು. ಗಾಳಿ ಎದ್ದರೆ ದೋಣಿ ಇಲ್ಲ. ಇರುವ ಒಂದು ಫೋನು ಸಾಹೇಬರ ಕಪಾಟಿನಲ್ಲಿ, ಅಪಾಯಕ್ಕೆ ಮಾತ್ರ. ಒಂದು ತಮಾಷೆ ಕೇಳು: ಹಿಂದಿನ ತಂಡದವರು ಊಟದ ಕೋಣೆಯಲ್ಲಿ ಹಳೆಯ ಗೇಮ್ ಮಷೀನ್ ಬಿಟ್ಟುಹೋಗಿದ್ದಾರೆ. ಅದರಲ್ಲಿರುವುದೂ ಇದೇ ಆಟ. ಮೊದಲಿನಿಂದ ಶುರುಮಾಡಿದ್ದೇನೆ.

ನಿನಗೆ ಮೊದಲೇ ಹೇಳಿಬಿಡುತ್ತೇನೆ, ಆ ಲೋಕದಲ್ಲಿ ಬೇಸರಗಳೂ ಇವೆ. ಊರು ತುಂಬ ಮನೆ ಕಾಣುತ್ತವೆ, ಮುಕ್ಕಾಲು ಮನೆಗಳ ಬಾಗಿಲು ಬರೀ ಬಣ್ಣ. ತಟ್ಟಿದರೆ ತೆರೆಯುವುದಿಲ್ಲ, ಒಳಗೆ ಕೋಣೆಯೇ ಇಲ್ಲ. ಕಣ್ಣಿಗೆ ಕಂಡ ಯಾವ ಬೆಟ್ಟಕ್ಕಾದರೂ ಹೋಗಬಹುದು ಎಂದು ಡಬ್ಬಿಯ ಮೇಲೆ ಬರೆದಿತ್ತು. ಎಲ್ಲಕ್ಕಿಂತ ದೂರದ ಬೆಟ್ಟ ಹತ್ತಿದೆ, ಮೇಲೆ ಏನೂ ಇರಲಿಲ್ಲ, ಒಂದು ಕಲ್ಲೂ ಇಟ್ಟಿರಲಿಲ್ಲ. ಆವತ್ತು ಸಿಟ್ಟಿನಿಂದ ಆಫ್ ಮಾಡಿದ್ದೆ. ಇನ್ನು ಅಲ್ಲಿನ ಜನ, ಎಲ್ಲರಿಗೂ ನನ್ನಿಂದಲೇ ಕೆಲಸ ಆಗಬೇಕು. ಒಬ್ಬನಿಗೆ ಉಂಗುರ ಹುಡುಕಿಕೊಡು, ಇನ್ನೊಬ್ಬನಿಗೆ ತೋಳ ಓಡಿಸಿಕೊಡು. ಶುರುವಿನಲ್ಲಿ ಹೆಮ್ಮೆ ಎನಿಸುತ್ತದೆ. ಆಮೇಲೆ ಒಂದು ದಿನ ಗೊತ್ತಾಗುತ್ತದೆ, ನಾನು ಹೋಗುವವರೆಗೆ ಅಲ್ಲಿ ಯಾರೂ ಏನೂ ಮಾಡುವುದಿಲ್ಲ, ಹಾಗೇ ನಿಂತಿರುತ್ತಾರೆ. ಹೋದರೂ ಆಡುವುದು ಅವೇ ಎರಡು ಮಾತು.

ಆದರೂ ಯಾಕೆ ಹೋಗುತ್ತೇನೆ ಎಂದರೆ, ಆ ಖಾಲಿ ಬೆಟ್ಟಕ್ಕೆ ಹತ್ತಿದ ದಾರಿಯೇ ಮನಸ್ಸಿನಲ್ಲಿ ಉಳಿದಿದೆ. ಕೆಲಸಗಳನ್ನೆಲ್ಲ ಬದಿಗಿಟ್ಟು ಸುಮ್ಮನೆ ಅಲೆಯುವುದಕ್ಕೆ ಅಂಥ ಜಾಗ ಇನ್ನೊಂದಿಲ್ಲ. ನೀನೂ ಯಾರು ಕರೆದರೂ ನಿಲ್ಲಬೇಡ. ಕೆರೆಯ ಮನೆಯಿಂದ ಎಡಕ್ಕೆ ಹೊರಟರೆ ಒಂದು ಕಲ್ಲಿನ ಸೇತುವೆ ಸಿಗುತ್ತದೆ. ಅದರ ಮೇಲೆ ನಿಂತು ನೋಡು. ನನಗೆ ಅಲ್ಲಿ ಅತ್ಯಂತ ಇಷ್ಟವಾದ ಜಾಗ ಅದು.

ಕೈತುಂಬ ಗ್ರೀಸ್ ಮೆತ್ತಿಕೊಂಡ,
ನಿನ್ನ ಇಕ್ಕಳ


ಮಾರ್ಚ್ 28

ಇಕ್ಕಳಮ್ಮ,

ಕುದುರೆ ಮೇಲೆ ಬಂತು. ಮೈ ಒರೆಸುವ ಗುಂಡಿ ಯಾವುದು ಎಂದು ಹುಡುಕಿದೆ, ಇಲ್ಲ. ಅದು ತಾನೇ ಒಣಗಿತು, ಅವಳ ಅಂಗಿಯೂ ಒಣಗಿತು. ಅಂಗಿಯ ಸಂಗತಿ ಕೇಳಬೇಡ. ಅಷ್ಟು ದೊಡ್ಡ ಮೇಲಂಗಿಗೆ ಎಲ್ಲಿಯೂ ಒಂದು ಹೊಲಿಗೆ ಇಲ್ಲ. ಕುದುರೆ ಎಷ್ಟು ಓಡಿದರೂ ಅಂಚು ಬಿಚ್ಚಿಕೊಳ್ಳುವುದಿಲ್ಲ. ಅಂಥ ಊರಿನಲ್ಲಿ ನನ್ನಂಥವಳಿಗೆ ಹೊಟ್ಟೆಪಾಡು ಕಷ್ಟ.

ಜನ ಎರಡೇ ಮಾತು ಆಡುತ್ತಾರೆ ಎಂದು ಬೈಯುತ್ತೀಯಲ್ಲ. ಬಾವಿಯ ಹತ್ತಿರದ ಹೆಂಗಸು ನನ್ನನ್ನು ಕಂಡಾಗಲೆಲ್ಲ ಗಾಳಿ ಜೋರಾಗಿದೆ ಎನ್ನುತ್ತಾಳೆ. ನಮ್ಮ ಎದುರುಮನೆಯಾಕೆಯೂ ಇಷ್ಟು ವರ್ಷದಲ್ಲಿ ಅದಕ್ಕಿಂತ ಹೆಚ್ಚು ಮಾತಾಡಿದ್ದಿಲ್ಲ. ಇವಳಾದರೂ ನಗುತ್ತಾಳೆ.

ಈಗ ಮುಖ್ಯ ವಿಷಯ. ಅಲ್ಲಿಯೂ ಅದೇ ಆಟ ಇದೆ ಎಂದು ಓದಿದ ತಕ್ಷಣ ನನಗೆ ಹೊಳೆಯಿತು. ನಿನಗೆ ಹೊಳೆಯಲಿಲ್ಲವಲ್ಲ, ಓದಿದವಳು ನೀನು. ಪಕ್ಕದ ಮನೆಯ ಹುಡುಗಿ ಗೇಮ್ ಆಡುವಾಗ ಗೋಡೆಯಾಚೆಗೆ ಕೇಳಿಸುತ್ತದೆ, "ನಾನು ಗೇಟ್ ಹತ್ರ ಇದೀನಿ, ಬೇಗ ಬಾರೇ" ಎಂದು ಯಾವುದೋ ಊರಿನ ಗೆಳತಿಯನ್ನು ಕರೆಯುತ್ತಿರುತ್ತಾಳೆ. ಅವರಿಗೆ ಆಗುವುದು ನಮಗೆ ಆಗದೇ? ಫೋನ್ ಸಿಗದಿದ್ದರೆ ಬೇಡ. ಪ್ರತಿ ಭಾನುವಾರ ಸಂಜೆ ಐದಕ್ಕೆ ನಿನ್ನ ಸೇತುವೆಯ ಮೇಲೆ ಬಂದು ನಿಂತಿರುತ್ತೇನೆ. ನೀನೂ ಬಾ. ಮಾತಾಡುವುದು ನನಗೆ ಬರುವುದಿಲ್ಲ, ಗುಂಡಿ ಗೊತ್ತಿಲ್ಲ. ನೋಡಿದರೆ ಸಾಕು.

ನಿನಗೆ ಹೇಳುವ ಮೊದಲೇ ಕಳೆದ ಭಾನುವಾರ ಹೋಗಿ ನಿಂತು ಬಂದೆ. ನೀರಿನ ಸದ್ದು ಚೆನ್ನಾಗಿದೆ.

ಕುದುರೆ ಸವಾರಿ ಕಲಿತ,
ಅಮ್ಮ


ಏಪ್ರಿಲ್ 20
(ಬರೆದು ಕಳುಹಿಸದೆ ಉಳಿದದ್ದು)

ಅಮ್ಮಾ,

ಹೇಗೆ ಹೇಳಲಿ. ಪಕ್ಕದ ಮನೆಯ ಹುಡುಗಿ ಆಡುವ ಆಟವೇ ಬೇರೆ. ನಮ್ಮದು ಒಬ್ಬರೇ ಆಡುವ ಆಟ. ನಿನ್ನ ಟಿವಿಯೊಳಗೆ ಒಂದು ಸೇತುವೆ, ನನ್ನ ಟಿವಿಯೊಳಗೆ ಇನ್ನೊಂದು. ನೋಡಲು ಒಂದೇ ಥರ ಇವೆ, ಅಷ್ಟೇ. ನೀನು ಅಲ್ಲಿ ವರ್ಷವಿಡೀ ನಿಂತರೂ ನಾನು ಬರಲಾರೆ. ಅಷ್ಟು ದೊಡ್ಡ ಲೋಕದಲ್ಲಿ ಜೀವ ಇರುವವರು ಒಬ್ಬರೇ, ಗುಂಡಿ ಹಿಡಿದವರು. ಬೇರೆ ಯಾರಿಗೂ ಅಲ್ಲಿ ಜಾಗ ಇಟ್ಟಿಲ್ಲ.

ಇಷ್ಟು ಬರೆದು ಮತ್ತೆ ನಿನ್ನ ಪತ್ರ ಓದಿದೆ. ಭಾನುವಾರವೂ ಮಷೀನು ತುಳಿದು ಕಾಲು ಊದಿಸಿಕೊಳ್ಳುವವಳು ನೀನು. ಈಗ ವಾರಕ್ಕೆ ಒಂದು ಗಂಟೆಯಾದರೂ ಕುರ್ಚಿಯಲ್ಲಿ ಕಾಲು ಚಾಚಿ ಕೂರುತ್ತೀಯ, ನನಗಾಗಿ. ಅದನ್ನು ಕಸಿದುಕೊಳ್ಳುವ ಧೈರ್ಯ ನನಗಿಲ್ಲ.


ಏಪ್ರಿಲ್ 20

ಅಮ್ಮಾ,

ಆಗಲಿ. ಭಾನುವಾರ ಐದು ಗಂಟೆ. ಬರುತ್ತೇನೆ.

ಇಕ್ಕಳ


ಮೇ 17

ಇಕ್ಕಳಮ್ಮ,

ನಿನ್ನ ಪತ್ರ ಕೈಗೆ ಬಂದ ವಾರವೇ ತಲೆ ಬಾಚಿಕೊಂಡು ಕೂತೆ. ಯಾರು ನೋಡುತ್ತಾರೆ ಎಂದು ಕೇಳಬೇಡ, ನನಗೇ ನಗು ಬಂತು. ಸೇತುವೆಯ ನಡುವೆ ಕುದುರೆ ನಿಲ್ಲಿಸಿ ಕಾದೆ. ಎರಡು ಗಾಡಿ ಹೋದವು. ಬೂದು ಬಣ್ಣದ ಅಂಗಿ ಹಾಕಿದ ಸವಾರ ಒಬ್ಬ ಬಂದ. ನೀನೇ ಇರಬೇಕು ಎಂದು ಎದೆ ಹೊಡೆದುಕೊಂಡಿತು. ಹತ್ತಿರ ಬಂದು ದಾರಿ ಬಿಡು ಎಂದು ಗದರಿಸಿ ಹೋದ. ನೀನು ಎಷ್ಟೇ ಸಿಟ್ಟಾದರೂ ನನ್ನನ್ನು ಹಾಗೆ ಗದರಿಸಿದವಳಲ್ಲ, ಹಾಗಾಗಿ ಅವನು ನೀನಲ್ಲ.

ನೀನು ಬಂದಿದ್ದೆಯಾ? ನನಗೆ ನೋಡಲು ಗೊತ್ತಾಗಲಿಲ್ಲವೋ? ಕಡ್ಡಿ ತಿರುಗಿಸಿ ನಾಲ್ಕೂ ಕಡೆ ನೋಡಿದೆ. ಬೆಳಕು ಹರಿಯುತ್ತಿತ್ತು ಅಲ್ಲಿ, ಇಲ್ಲಿ ಸಂಜೆ. ಕಾಯುವುದು ಬೇಸರ ಆಗಲಿಲ್ಲ. ನೀನು ಬರುವ ದಾರಿ ಎಂದು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಅಂದ ಹಾಗೆ ನವೆಂಬರಿಗೆ ನಿನ್ನ ಮಂಚದ ಹಾಸಿಗೆ ಬಿಚ್ಚಿ ಹೊಸ ಹತ್ತಿ ತುಂಬಿಸೋಣ ಎಂದುಕೊಂಡಿದ್ದೇನೆ.

ದಾರಿ ನೋಡುವ,
ಅಮ್ಮ


ಜೂನ್ 15

ಅಮ್ಮಾ,

ನಾನು ಬಂದಿದ್ದೆ. ಸ್ವಲ್ಪ ತಡವಾಯಿತು, ಜನರೇಟರ್ ಬೆಲ್ಟ್ ಬದಲಿಸುತ್ತಿದ್ದೆ. ನೀನು ಸೇತುವೆಯ ನಡುವೆ ನೀರಿಗೆ ಮುಖ ಮಾಡಿ ನಿಂತಿದ್ದೆ. ಸೂರ್ಯ ಮುಳುಗುತ್ತಿದ್ದ. ಈಚೆ ದಡದ ಮರದ ಕೆಳಗೆ ನಿಂತು ನೋಡಿದೆ. ಹೊಸಬರಿಗೆ ದೂರದವರು ಬೇಗ ಕಾಣಿಸುವುದಿಲ್ಲ, ರೂಢಿಯಾಗಬೇಕು. ನೀನು ಬೇಸರಪಡಬೇಡ, ನಿನ್ನನ್ನು ನೋಡಿದ್ದೇ ನನಗೆ ಹಬ್ಬ.

ಸಾಹೇಬರು ನಿನ್ನೆ ಕರೆದು ಇನ್ನೊಂದು ವರ್ಷ ಇರುತ್ತೀಯಾ ಎಂದು ಕೇಳಿದರು. ಯಂತ್ರಗಳು ನನ್ನ ಕೈಗೆ ಹೊಂದಿಕೊಂಡಿವೆಯಂತೆ. ನಾನಿನ್ನೂ ಏನೂ ಹೇಳಿಲ್ಲ. ಕೆಲಸ ಇಷ್ಟವಾಗಿದೆ ಎನ್ನುವುದು ಮಾತ್ರ ನಿಜ.

ನಿನ್ನ,
ಇಕ್ಕಳ


ಜುಲೈ 13

ಇಕ್ಕಳ,

ಪತ್ರ ಸಿಕ್ಕಿತು. ಇನ್ನೊಂದು ವರ್ಷದ ವಿಷಯ ಓದಿದೆ. ನಿನ್ನ ಕೆಲಸ, ನೀನೇ ಯೋಚಿಸು.

ಕಳೆದ ಭಾನುವಾರ ಕೆಂಪು ಮೇಲಂಗಿ ಹಾಕಿಕೊಂಡು ಸೇತುವೆಗೆ ಬಂದಿದ್ದೆ, ನಿನಗೆ ದೂರದಿಂದಲೂ ಕಾಣಲಿ ಎಂದು. ಕಂಡೆನಾ? ಹೇಗಿತ್ತು?

ಅಮ್ಮ


ಆಗಸ್ಟ್ 9

ಅಮ್ಮಾ,

ಕಾಣದೆ ಇರುತ್ತೀಯಾ! ಬೆಟ್ಟ ಇಳಿಯುವಾಗಲೇ ಕೆಂಪು ಚುಕ್ಕೆ ಕಂಡು ನೀನೇ ಎಂದು ಗೊತ್ತಾಯಿತು. ಕೆಂಪು ನಿನಗೆ ಬಹಳ ಒಪ್ಪುತ್ತದೆ. ಇನ್ನು ಮೇಲೆ ಅದನ್ನೇ ಹಾಕಿಕೊ.

ನವೆಂಬರಿನದು ಯೋಚಿಸಿದೆ. ಇನ್ನೊಂದು ವರ್ಷ ಇದ್ದುಬಿಡೋಣ ಎಂದು ಮನಸ್ಸು ವಾಲುತ್ತಿದೆ. ತಿಂಗಳ ಕೊನೆಗೆ ಉತ್ತರ ಹೇಳಬೇಕೆಂದಿದ್ದ ಸಾಹೇಬರು ಅಕ್ಟೋಬರಿನವರೆಗೆ ಸಮಯ ಕೊಟ್ಟಿದ್ದಾರೆ. ನೀನು ಒಂಟಿ ಎಂದುಕೊಳ್ಳಬೇಡ. ಹೇಗೂ ಭಾನುವಾರ ಭೇಟಿಯಾಗುತ್ತಿದ್ದೇವಲ್ಲ.

ನಿನ್ನ,
ಇಕ್ಕಳ


ಸೆಪ್ಟೆಂಬರ್ 6

ಇಕ್ಕಳ,

ಕೆಂಪು ಮೇಲಂಗಿ ಹಾಕಿಕೊಂಡು ಬಂದೆ ಎಂದು ನಾನು ಹೇಳಿದ ಆ ಭಾನುವಾರ ನಮ್ಮ ಮನೆಯಲ್ಲಿ ಗೇಮ್ ಮಷೀನೇ ಇರಲಿಲ್ಲ. ಸಿಳ್ಳೆಯ ಗುಂಡಿ ಒಳಗೆ ಸಿಕ್ಕಿಕೊಂಡು ರಿಪೇರಿ ಅಂಗಡಿಯಲ್ಲಿತ್ತು. ನಿನ್ನ ಪತ್ರದಲ್ಲಿ ಸೂರ್ಯ ಮುಳುಗುತ್ತಿದ್ದ, ನನ್ನ ಸೇತುವೆಯಲ್ಲಿ ಆಗ ಬೆಳಗಾಗುತ್ತಿತ್ತು. ಅಲ್ಲಿಂದಲೇ ನನಗೆ ಒಂದು ಚೂರು ಅನುಮಾನ ಇತ್ತು. ಮಷೀನು ಕೊಡಲು ಹೋದಾಗ ಅಂಗಡಿಯವನನ್ನು ಕೇಳಿದೆ, ನನ್ನ ಮಗಳು ಸೇತುವೆಯ ಹತ್ತಿರ ಬಂದರೆ ನನಗೆ ಯಾಕೆ ಕಾಣಿಸುವುದಿಲ್ಲ, ಅದನ್ನೂ ಸರಿಮಾಡಿಕೊಡು ಎಂದು. ಅವನು ನಗಲಿಲ್ಲ. ತಿರುಪು ಬಿಚ್ಚುತ್ತಲೇ ಹೇಳಿದ, "ಅಮ್ಮಾ, ಇದ್ರಲ್ಲಿ ನೀವೊಬ್ರೇ ಇರೋದು. ಬೇರೆ ಯಾರೂ ಬರಕ್ಕಾಗಲ್ಲ."

ದಾರಿಯುದ್ದಕ್ಕೂ ಮುಖ ಬಿಸಿಯಾಗಿತ್ತು. ಊರಿನವರಿಗೆಲ್ಲ ಅಳತೆ ತೆಗೆಯುವ ನನಗೆ ನೀನು ಅಳತೆ ತೆಗೆದೆ. ಕೆಂಪು ಮೇಲಂಗಿಯ ಬಲೆ ಹಾಕಿದ್ದು ಅದಕ್ಕೇ. ಸುಳ್ಳು ಹೇಳದೆ ತಪ್ಪಿಸಿಕೊಳ್ಳುತ್ತೀಯ ಎಂದು ಆಸೆ ಇತ್ತು. ನೀನು ಬೆಟ್ಟದಿಂದಲೇ ಕಂಡೆ ಎಂದು ಬರೆದೆ. ಇನ್ನೊಂದು ಮಾತು, ಕೆಂಪು ನನಗೆ ಯಾವತ್ತೂ ಒಪ್ಪಿದ್ದಿಲ್ಲ. ಇಪ್ಪತ್ತು ವರ್ಷ ಒಂದೇ ಕೋಣೆಯಲ್ಲಿ ಇದ್ದವಳಿಗೆ ಅದು ಗೊತ್ತಿರಬೇಕಿತ್ತು.

ಸುಳ್ಳು ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ಯಾಕೆ ಹೇಳಿದೆ ಎಂದು ನನಗೆ ಅರ್ಥವಾಗುತ್ತದೆ, ಅಷ್ಟೂ ಮಂಕಲ್ಲ ನಾನು. ಆ ಸೇತುವೆಯ ಮೇಲೆ ಕೂತ ಸಂಜೆಗಳು ನನಗೆ ಚೆನ್ನಾಗಿಯೇ ಇದ್ದವು. ನೀನು ಯಾಕೆ ಅಷ್ಟು ಹೊತ್ತು ಆ ಲೋಕದಲ್ಲಿ ಇರುತ್ತಿದ್ದೆ ಎಂದು ಮೊದಲ ಸಲ ಗೊತ್ತಾಯಿತು. ಯಾರೂ ಅವಸರ ಮಾಡದ ಜಾಗ ಅದು. ಆದರೆ ಹೇಗೂ ಭೇಟಿಯಾಗುತ್ತಿದ್ದೇವೆ ಎಂದು ಬರೆದೆಯಲ್ಲ, ಅದು ಸೂಜಿಯ ಹಾಗೆ ಉಗುರಿನೊಳಗೆ ಹೋಯಿತು. ನಾವು ಭೇಟಿಯಾಗಿಲ್ಲ, ಇಕ್ಕಳ. ನಾನು ನಿನ್ನ ಮುಖ ನೋಡಿ ಹತ್ತಿರ ಹತ್ತಿರ ವರ್ಷವಾಯಿತು.

ನೀನು ಹೋಗುವವರೆಗೆ ಅಲ್ಲಿ ಯಾರೂ ಏನೂ ಮಾಡದೆ ನಿಂತಿರುತ್ತಾರೆ ಎಂದಿದ್ದೆ. ಇಲ್ಲಿ ಹಾಗಲ್ಲ. ನೀನಿಲ್ಲದೆಯೂ ಗಿರಾಕಿಗಳು ಬರುತ್ತಾರೆ, ನಲ್ಲಿಯಲ್ಲಿ ನೀರು ಬರುತ್ತದೆ, ಮಷೀನು ಓಡುತ್ತದೆ. ನನ್ನ ಬೇಸರವೇ ಅದು.

ನೀನು ಹೊರಟ ದಿನದ ಬಟ್ಟೆ ಸೊಟ್ಟಗಾಗಬಾರದು ಎಂದು ತಲೆ ಎತ್ತಲಿಲ್ಲ ಎಂದು ಬರೆದಿದ್ದೆನಲ್ಲ. ಅದು ಸೊಟ್ಟಗೇ ಹೋಯಿತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಗಿರಾಕಿಗೆ ಬೇರೆ ಬಟ್ಟೆ ತಂದು ಹೊಲಿದುಕೊಟ್ಟೆ. ಕೆಟ್ಟ ಬಟ್ಟೆ ಬೀರುವಿನಲ್ಲಿ ಇಟ್ಟಿದ್ದೇನೆ. ಅದು ಕೆಂಪು.

ಕೆಲಸ ನಿಜವಾಗಿ ಇಷ್ಟವಿದ್ದರೆ ಇನ್ನೊಂದು ವರ್ಷ ಇರು, ನಾನು ತಡೆಯುವುದಿಲ್ಲ. ಸೇತುವೆಗೆ ಮಾತ್ರ ಇನ್ನು ಬರುವುದಿಲ್ಲ. ಕಾಯುವುದಿದ್ದರೆ ಇಲ್ಲಿಯೇ ಬಾಗಿಲ ಹತ್ತಿರ ಕಾಯುತ್ತೇನೆ. ಈ ಬಾಗಿಲು ಬರೀ ಬಣ್ಣವಲ್ಲ, ತೆರೆಯುತ್ತದೆ.

ನಿನ್ನನ್ನು ನೋಡಬೇಕೆನಿಸಿರುವ,
ಅಮ್ಮ


ಅಕ್ಟೋಬರ್ 11

ಅಮ್ಮಾ,

ನಿನ್ನ ಪತ್ರ ಓದಿ ಜನರೇಟರ್ ಶೆಡ್ಡಿಗೆ ಹೋಗಿ ಕೂತೆ. ಅಲ್ಲಿ ಎಷ್ಟು ಜೋರಾಗಿ ಅತ್ತರೂ ಯಾರಿಗೂ ಕೇಳಿಸುವುದಿಲ್ಲ.

ನಿನಗೆ ಒಂದು ಮಾತು ಗೊತ್ತಿಲ್ಲ. ನಾನು ಪ್ರತಿ ಭಾನುವಾರ ಐದಕ್ಕೆ ನನ್ನ ಸೇತುವೆಗೆ ಹೋಗುತ್ತಿದ್ದೆ. ಅದಷ್ಟು ಸುಳ್ಳಲ್ಲ. ನೀನು ಬರುವುದಿಲ್ಲ ಎಂದು ಗೊತ್ತಿದ್ದೂ, ನೀನೂ ಈಗ ನಿನ್ನ ಸೇತುವೆಯಲ್ಲಿ ಇದ್ದೀಯ ಎಂದುಕೊಂಡು ಕೂರುತ್ತಿದ್ದೆ. ಕೂತು ಕೂತು ನನ್ನ ಸುಳ್ಳನ್ನು ನಾನೇ ಅರ್ಧ ನಂಬಿದ್ದೆ. ಆವತ್ತು ನೀನು ತಲೆ ಎತ್ತದೆ ಇದ್ದಾಗ, ನಾನಿದ್ದರೂ ಹೋದರೂ ನಿನಗೆ ಒಂದೇ ಎಂದುಕೊಂಡು ಮೆಟ್ಟಿಲು ಇಳಿದಿದ್ದೆ. ಬಟ್ಟೆ ಸೊಟ್ಟಗಾದದ್ದು ಆಗಲೇ ಗೊತ್ತಿದ್ದರೆ ದ್ವೀಪಕ್ಕೆ ಬರುತ್ತಲೇ ಇರಲಿಲ್ಲವೇನೋ.

ಸಾಹೇಬರಿಗೆ ಆಗುವುದಿಲ್ಲ ಎಂದು ಹೇಳಿ ಬಂದೆ. ಊರಿನ ಹತ್ತಿರವೂ ಕೆಡುವ ಯಂತ್ರಗಳು ಬೇಕಾದಷ್ಟಿವೆ. ನಿನ್ನೆ ಕೊನೆಯ ಸಲ ಆಟ ಹಾಕಿ, ಕುದುರೆಯನ್ನು ಸೇತುವೆಯ ಮೇಲೆ ನಿಲ್ಲಿಸಿ, ಸೇವ್ ಮಾಡಿ ಬಿಟ್ಟಿದ್ದೇನೆ. ಮುಂದೆ ಬರುವ ಮೆಕ್ಯಾನಿಕ್ ಅಲ್ಲಿಂದ ಶುರುಮಾಡಲಿ.

ನವೆಂಬರಿನ ದೋಣಿಗೆ ಬರುತ್ತೇನೆ. ಯಾವ ದಿನ ಎಂದು ಗಾಳಿಯನ್ನೇ ಕೇಳಬೇಕು. ಆ ಬಟ್ಟೆಯಲ್ಲಿ ನಿನಗೊಂದು ಅಂಗಿ ಹೊಲಿದುಕೊ. ಕೆಂಪು ಒಪ್ಪುತ್ತದೋ ಇಲ್ಲವೋ, ಈ ಸಲ ನಿಜವಾಗಿ ನೋಡಿ ಹೇಳುತ್ತೇನೆ.

ನಿನ್ನ ಮಗಳು,
ಇಕ್ಕಳ


ನವೆಂಬರ್ 22

ಇಕ್ಕಳಮ್ಮ,

ದೋಣಿ ಇನ್ನೂ ಹೊರಟಿಲ್ಲ, ಗಾಳಿ ಇಳಿದಿಲ್ಲ ಎಂದು ಮೊನ್ನೆ ಬಂದರಿನ ಕಚೇರಿಯಲ್ಲಿ ಹೇಳಿದರು. ನಿನ್ನೆ ಕೇಳಲು ಹೋದರೆ ಬಾಗಿಲು ಹಾಕಿತ್ತು. ಈ ಪತ್ರ ಕಳುಹಿಸಲು ದೋಣಿಯೇ ಇಲ್ಲ ಎಂದು ಗೊತ್ತು. ಆದರೂ ಕೈಗೆ ಏನಾದರೂ ಕೆಲಸ ಬೇಕಲ್ಲ, ಬರೆಯುತ್ತಿದ್ದೇನೆ. ನಾಳೆ ಕೊಡಬೇಕಾದ ಬಟ್ಟೆಗಳು ಹಾಗೇ ಬಿದ್ದಿವೆ.

ಅಂಗಿ ಹೊಲಿದೆ. ಸೊಟ್ಟಗೆ ಕತ್ತರಿಸಿದ ಕಡೆ ಒಳಗೆ ಮಡಿಚಿ ಹೊಲಿಗೆಯಲ್ಲಿ ಸೇರಿಸಿಬಿಟ್ಟಿದ್ದೇನೆ, ತಿಳಿದವರಿಗೂ ಕಾಣುವುದಿಲ್ಲ. ಈಗ ಹಾಕಿಕೊಂಡು ಕೂತಿದ್ದೇನೆ. ಎದುರುಮನೆಯಾಕೆ ಕಿಟಕಿಯಿಂದ ನೋಡಿ, ಏನು ವಿಶೇಷ ಎಂದು ಕೇಳಿದಳು. ಗಾಳಿ ಜೋರಾಗಿದೆ ಎಂದೆ.

ಹಾಸಿಗೆಗೆ ಹತ್ತಿ ತುಂಬಿಸಿದ್ದಾಗಿದೆ. ನಿನ್ನ ಟಿವಿಯನ್ನು ನನ್ನ ಹೊಲಿಗೆ ಮಷೀನಿನ ಪಕ್ಕದ ಗೋಡೆಗೆ ತಂದಿಟ್ಟಿದ್ದೇನೆ, ಅಂಗಡಿಯವನು ಬಂದು ವೈರು ಜೋಡಿಸಿಕೊಟ್ಟ. ಇನ್ನು ಬೆನ್ನು ಕೊಟ್ಟು ಕೂರುವ ಹಾಗಿಲ್ಲ. ನೀನು ಆಡು, ನಾನು ನೋಡುತ್ತೇನೆ. ಆ ಖಾಲಿ ಬೆಟ್ಟಕ್ಕೆ ಒಮ್ಮೆ ಕರೆದುಕೊಂಡು ಹೋಗು. ಮೇಲೆ ಏನೂ ಇಲ್ಲದಿದ್ದರೆ ಇಲ್ಲ.

ಒಂದು ವಿಚಿತ್ರ ನೋಡು. ಸೇತುವೆಯ ಮೇಲೆ ಯಾರೂ ಬಾರದ ದಾರಿಯನ್ನು ನೋಡುತ್ತಾ ಎಷ್ಟು ಸಮಾಧಾನದಿಂದ ಕಾದೆ. ಈಗ ನೀನು ಬಂದೇ ಬರುತ್ತೀಯ ಎಂದು ಗೊತ್ತು, ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವುದರೊಳಗೆ ಎಷ್ಟು ಸಲ ಎದ್ದು ಬಾಗಿಲು ತೆರೆದು ನೋಡಿದೆನೋ. ಕೆಳಮನೆಯವರ ಹೆಜ್ಜೆ, ಹಾಲಿನವನ ಹೆಜ್ಜೆ, ಎಲ್ಲರದ್ದೂ ನಿನ್ನದೇ ಎನಿಸುತ್ತದೆ. ಈಗಲೂ ಯಾರೋ ಹತ್ತುತ್ತಿದ್ದಾರೆ. ನಿಧಾನವಾಗಿ ಹತ್ತುತ್ತಿದ್ದಾರೆ, ಭಾರ ಹೊತ್ತವರ ಹಾಗೆ. ಮೆಟ್ಟಿಲ ಕಂಬಿಗೆ ಏನೋ ಕಬ್ಬಿಣ ಬಡಿಯುತ್ತಿದೆ, ಟಣ್ ಟಣ್ ಎಂದು